ಲಾಗಿನ್ ಅರ್ಧ ಸೆಕೆಂಡ್ ತಡವಾದಾಗ

ಅರ್ಧ ಸೆಕೆಂಡ್ ತಡವಾದರೆ ಏನು ಮಹಾ?
2024ರ ಮಾರ್ಚ್‌ನಲ್ಲಿ ಆ ಅರ್ಧ ಸೆಕೆಂಡೇ ಲೆಕ್ಕವಿಲ್ಲದಷ್ಟು ಸರ್ವರ್‌ಗಳನ್ನ ಉಳಿಸಿತು.
ಆಂಡ್ರೆಸ್ ಫ್ರಾಯಿಂಡ್ ಅನ್ನೋ ಪ್ರೋಗ್ರಾಮರ್,
ಲಿನಕ್ಸ್ ಲಾಗಿನ್ ಯಾಕೋ ನಿಧಾನ ಆಗ್ತಿದೆ ಅಂತ ಗಮನಿಸಿದರು.
ಅಷ್ಟಕ್ಕೇ ಬಿಡದೆ ಜಾಡು ಹಿಡಿದು ಹೋದರು.
ಸಿಕ್ಕಿದ್ದು ಒಂದು ಕಳ್ಳಬಾಗಿಲು!
ಫೈಲ್ ಕುಗ್ಗಿಸೋ ಎಕ್ಸ್‌ಝಡ್ ಅನ್ನೋ ಪುಟ್ಟ ತಂತ್ರಾಂಶದೊಳಗೆ.
ಡೆಬಿಯನ್, ಫೆಡೊರಾ ಅನ್ನೋ ಲಿನಕ್ಸ್‌ಗಳ ಪರೀಕ್ಷಾ ಆವೃತ್ತಿಗಳಿಗೆ ಅದು ಆಗಲೇ ತಲುಪಿತ್ತು.

ಇಟ್ಟವರು ಯಾರು?
‘ಜಿಯಾ ಟ್ಯಾನ್’ ಅನ್ನೋ ಹೆಸರು ಮಾತ್ರ ಗೊತ್ತು.
ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆ ಕೆಲಸ ಮಾಡಿ, ನಂಬಿಕೆ ಗಳಿಸಿದ ಹೆಸರು.
ಸುಸ್ತಾದ ಯಜಮಾನನಿಗೆ ಸಹಾಯಕ್ಕೆ ಬಂದು,
ಮನೆಯವನಂತೆ ಇದ್ದು,
ಬೀಗದ ಕೈಯ ಅಚ್ಚು ತೆಗೆದುಕೊಂಡ ಹಾಗೆ.

ಈ ತಂತ್ರಾಂಶದ ಕೋಡನ್ನ ಎಲ್ಲರಿಗೂ ತೆರೆದಿಟ್ಟಿದ್ದೇ ತಪ್ಪು, ಮುಚ್ಚಿಟ್ಟರೆ ಕ್ಷೇಮ ಅಂತೀರಾ?
ನಾನು ಒಪ್ಪಲ್ಲ.
ತೆರೆದಿದ್ದಕ್ಕೇ ಫ್ರಾಯಿಂಡ್ ಒಳಗಿಳಿದು ನೋಡೋಕಾಯ್ತು.
ಹಾಗಂತ, ಸಾವಿರ ಕಣ್ಣು ಕಾಯ್ತಿರುತ್ತೆ ಅನ್ನೋ ಮಾತನ್ನೂ ಪೂರ್ತಿ ನಂಬಬೇಡಿ.
ವಿಷ ಅಡಗಿದ್ದು ಟೆಸ್ಟ್ ಫೈಲ್‌ಗಳಲ್ಲಿ.
ಅದನ್ನ ತೆರೆದು ಓದೋರು ಯಾರು?
ಓದೋದೂ ಒಂದು ಕೆಲಸ. ಕೆಲಸಕ್ಕೆ ಸಂಬಳ ಬೇಕು.
ದೊಡ್ಡ ದೊಡ್ಡ ಕಂಪನಿಗಳ ಸರ್ವರ್‌ಗಳಲ್ಲೂ ಇರೋ ಈ ತಂತ್ರಾಂಶವನ್ನ
ವರ್ಷಗಟ್ಟಲೆ ನೋಡಿಕೊಂಡವರು ಒಬ್ಬರೇ ಒಬ್ಬರು.
ಅದೂ ಬಿಡುವಿನ ವೇಳೆಯಲ್ಲಿ, ಒಂದು ಪೈಸೆ ಸಂಬಳವಿಲ್ಲದೆ.