ಹುಟ್ಟುವ ಸೂರ್ಯನಿಗೆ ಊರ ಕೆರೆಯೇ ಸಾಕು

ಕರ್ನಾಟಕಕ್ಕೆ ಸುಮಾರು 320 ಕಿಲೋಮೀಟರ್ ಉದ್ದದ ಕರಾವಳಿಯಿದೆ. ಕಾರವಾರದಿಂದ ಉಳ್ಳಾಲದವರೆಗೆ ಎಲ್ಲಿ ನಿಂತರೂ ಸೂರ್ಯ ಕಡಲಿಗೆ ಇಳಿಯುವುದು ಕಾಣುತ್ತದೆ, ಕಡಲಿನಿಂದ ಏಳುವುದು ಮಾತ್ರ ಕಾಣುವುದಿಲ್ಲ. ಹಾಗಾಗಿ ನೀರಿನ ಮೇಲೆ ಹುಟ್ಟುವ ಸೂರ್ಯನ ಚಿತ್ರ ಬೇಕೆನ್ನುವ ನಮ್ಮ ಹವ್ಯಾಸಿ ಛಾಯಾಗ್ರಾಹಕರು ಶುಕ್ರವಾರ ರಾತ್ರಿಯ ಬಸ್ಸು ಹತ್ತಿ ಪುದುಚೇರಿಗೋ ಧನುಷ್ಕೋಟಿಗೋ ಕನ್ಯಾಕುಮಾರಿಗೋ ಹೊರಡುತ್ತಾರೆ. ಅಲ್ಲಿಂದ ಬರುವ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಮೇಲೆ ಕಿತ್ತಳೆ, ಕೆಳಗೆ ಕಪ್ಪು, ನಡುವೆ ಬಣ್ಣವೇ ಇಲ್ಲದ ಒಂದು ಬಿಳಿ ಚುಕ್ಕೆ. ಯಾವುದು ಯಾವ ಊರಿನದೆಂದು ತೆಗೆದವರೇ ಮರೆತಿದ್ದರೂ ಆಶ್ಚರ್ಯವಿಲ್ಲ. ಇಷ್ಟಕ್ಕಾಗಿ ಅಷ್ಟು ದೂರ ಹೋಗಬೇಕಿಲ್ಲ ಎಂಬುದು ನನ್ನ ವಾದ. ಬೆಳಗಿನ ಚಿತ್ರವನ್ನು ಗೆಲ್ಲಿಸುವುದು ಸೂರ್ಯನಿಗಿಂತ ಹೆಚ್ಚಾಗಿ ನೀರು, ಅದೂ ಅಲುಗಾಡದೆ ನಿಂತ ನೀರು. ಅದು ಬಯಲುಸೀಮೆಯ ಕೆರೆಯಲ್ಲಿ ಸಿಗುವಷ್ಟು ಸಲೀಸಾಗಿ ಯಾವ ಕಡಲ ದಂಡೆಯಲ್ಲೂ ಸಿಗುವುದಿಲ್ಲ.

ಇದಕ್ಕೆ ಕಾರಣ ರಾತ್ರಿಯ ಗಾಳಿಯಲ್ಲಿದೆ. ಸೂರ್ಯ ಮುಳುಗಿದ ಮೇಲೆ ನೆಲ ಬೇಗ ತಣಿಯುತ್ತದೆ, ನೆಲಕ್ಕೆ ಅಂಟಿದ ಗಾಳಿಯೂ ತಣಿದು ಭಾರವಾಗಿ ಕೆಳಗೇ ಕೂರುತ್ತದೆ. ಮೇಲೆ ಎಷ್ಟೇ ಗಾಳಿ ಬೀಸುತ್ತಿದ್ದರೂ ಈ ತಣ್ಣನೆಯ ಪದರವನ್ನು ಸೀಳಿ ಕೆಳಗಿಳಿಯುವುದು ಅದಕ್ಕೆ ಕಷ್ಟ. ಬಿಸಿಲೇರಿ ನೆಲ ಕಾದು, ಕೆಳಗಿನ ಗಾಳಿ ಮೇಲೇಳತೊಡಗಿದಾಗಲಷ್ಟೇ ಮೇಲಿನದು ಕೆಳಗೆ ಬರುತ್ತದೆ, ನೀರು ಸುಕ್ಕುಗಟ್ಟುತ್ತದೆ. ಸುಕ್ಕು ಸಣ್ಣದಾದರೂ ಪೆಟ್ಟು ದೊಡ್ಡದು: ನೀರಿನ ಮೈ ಎಷ್ಟು ಡಿಗ್ರಿ ವಾಲುತ್ತದೋ ಅದರಿಂದ ಪ್ರತಿಫಲಿಸುವ ಕಿರಣ ಅದರ ಎರಡರಷ್ಟು ವಾಲುತ್ತದೆ. ತೆಂಗಿನ ಮರದ ಬಿಂಬ ಮೊದಲು ಉದ್ದಕ್ಕೆ ಎಳೆದುಕೊಂಡು, ಆಮೇಲೆ ಚೂರುಚೂರಾಗುವುದು ಇದರಿಂದಲೇ. ಕಡಲಿಗೆ ಈ ರಾತ್ರಿಯ ಶಾಂತಿ ದಕ್ಕುವುದೇ ಇಲ್ಲ, ದಡದಲ್ಲಿ ಎಲೆ ಅಲುಗದಿದ್ದರೂ ಎಲ್ಲೋ ದೂರದಲ್ಲಿ ಹುಟ್ಟಿದ ಅಲೆ ಬಂದು ಬಡಿಯುತ್ತಿರುತ್ತದೆ. ಇದೇ ಕಾರಣಕ್ಕೆ ಕೆರೆ ದೊಡ್ಡದಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ಸರಿಯಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಂಥ ವಿಶಾಲ ನೀರಿನಲ್ಲಿ ಗಾಳಿಗೆ ಓಡಲು ಜಾಗ ಹೆಚ್ಚು, ಅಲೆಯೂ ಹೆಚ್ಚು. ಮರಗಳ ಮರೆಯಿರುವ ನಡುಗಾತ್ರದ ಊರ ಕೆರೆ, ಅಥವಾ ಮೈಸೂರಿನ ಕುಕ್ಕರಹಳ್ಳಿಯಂಥದ್ದು, ಈ ಕೆಲಸಕ್ಕೆ ಹೆಚ್ಚು ಒದಗುತ್ತದೆ.

ನೀರು ನಿಂತಿದ್ದರೆ ಸಾಲದು, ಅದನ್ನು ಯಾವ ಎತ್ತರದಿಂದ ನೋಡುತ್ತೇವೆ ಎಂಬುದೂ ಮುಖ್ಯ. ನೇರ ಮೇಲಿನಿಂದ ಬಗ್ಗಿ ನೋಡಿದರೆ ನೀರು ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲಿ ಎರಡು ಪಾಲನ್ನಷ್ಟೇ ಮರಳಿಸುತ್ತದೆ, ಉಳಿದದ್ದು ಒಳಗೆ ಹೋಗುತ್ತದೆ. ನೋಟ ನೀರಿನ ಮಟ್ಟಕ್ಕೆ ಹತ್ತು ಡಿಗ್ರಿಯಷ್ಟು ಸಮೀಪ ಇಳಿದಾಗ ಈ ಪಾಲು ಸುಮಾರು 35ಕ್ಕೂ, ಐದು ಡಿಗ್ರಿಗೆ ಇಳಿದಾಗ 58ಕ್ಕೂ ಏರುತ್ತದೆ. ಟ್ರೈಪಾಡಿನ ಕಾಲುಗಳನ್ನು ಮಡಚಿ ಕ್ಯಾಮೆರಾವನ್ನು ಮೊಣಕಾಲಿಗಿಂತ ಕೆಳಗೆ ತಂದರೆ ಸಪ್ಪೆಯಾಗಿದ್ದ ಕೆರೆಗೆ ಒಮ್ಮೆಲೇ ಬಣ್ಣ ಬರುವುದರ ಗುಟ್ಟು ಇಷ್ಟೇ. 1921ರಲ್ಲಿ ಹಡಗಿನಲ್ಲಿ ಮೆಡಿಟರೇನಿಯನ್ ದಾಟುತ್ತಿದ್ದ ಸಿ.ವಿ. ರಾಮನ್, ಧ್ರುವೀಕರಣದ ಪಟ್ಟಕವೊಂದನ್ನು ಕಣ್ಣಿಗೆ ಹಿಡಿದು ನೀರಿನ ಮೇಲ್ಮೈಯ ಪ್ರತಿಫಲನವನ್ನು ಅಳಿಸಿಹಾಕಿದ್ದರು. ಹಾಗೆ ಅಳಿಸಿದ ಮೇಲೂ ಕಡಲ ನೀಲಿ ಉಳಿದೇ ಇತ್ತು, ಆದ್ದರಿಂದ ಅದು ಆಕಾಶದಿಂದ ಸಾಲ ತಂದ ಬಣ್ಣವಲ್ಲ ಎಂದು ತೋರಿಸಿದರು. ಬೆಳಗಿನ ಛಾಯಾಗ್ರಾಹಕನದು ಇದಕ್ಕೆ ತಿರುಗುಮುರುಗಾದ ಕೆಲಸ. ಅವನಿಗೆ ಬೇಕಾದದ್ದು ಆ ಸಾಲದ ಬಣ್ಣವೇ. ರಾಮನ್ ಬಳಸಿದ ತತ್ವದ ಮೇಲೆಯೇ ನಡೆಯುವ ಪೋಲರೈಸರ್ ಫಿಲ್ಟರನ್ನು ದುಡ್ಡು ಕೊಟ್ಟು ಕೊಂಡಿದ್ದೇವೆಂಬ ಒಂದೇ ಕಾರಣಕ್ಕೆ ಆ ಹೊತ್ತಿನಲ್ಲಿ ಲೆನ್ಸಿಗೆ ಸಿಕ್ಕಿಸುವವರಿದ್ದಾರೆ. ಅದು ಬೇಕಾದ ಪ್ರತಿಬಿಂಬವನ್ನೇ ಮಂಕಾಗಿಸಬಹುದು, ಮೊದಲೇ ಕಡಿಮೆಯಿರುವ ಬೆಳಕನ್ನೂ ನುಂಗುತ್ತದೆ. ಮತ್ತೊಂದು ಮಾತು: ನೀರು ಪೂರ್ತಿ ಬೆಳಕನ್ನು ಎಂದೂ ಮರಳಿಸದ್ದರಿಂದ ಬಿಂಬ ಯಾವಾಗಲೂ ಆಕಾಶಕ್ಕಿಂತ ತುಸು ಕಪ್ಪಾಗಿರುತ್ತದೆ. ಕಂಪ್ಯೂಟರಿನಲ್ಲಿ ತಿದ್ದುವಾಗ ಆಕಾಶವನ್ನು ತಗ್ಗಿಸಿ ನೀರನ್ನು ಏರಿಸುತ್ತಾ ಹೋಗಿ, ಕೊನೆಗೆ ಕೆರೆಯೇ ಆಕಾಶಕ್ಕೆ ಬೆಳಕು ಕೊಡುತ್ತಿರುವಂತೆ ಮಾಡಿಬಿಟ್ಟ ಚಿತ್ರಗಳನ್ನು ಸ್ಪರ್ಧೆಗಳಲ್ಲೂ ನೋಡುತ್ತೇವೆ. ಏನು ತಪ್ಪಿದೆಯೆಂದು ನೋಡುಗನಿಗೆ ಹೇಳಲು ಬಾರದಿದ್ದರೂ ಕಣ್ಣಿಗೆ ಕಿರಿಕಿರಿಯಾಗುತ್ತದೆ.

ಸೂರ್ಯನ ಬಿಂಬ ದಿಗಂತ ದಾಟಲು ಬೇಕಾಗುವುದು ಎರಡು ನಿಮಿಷಕ್ಕಿಂತ ತುಸು ಹೆಚ್ಚು. ಆ ಎರಡು ನಿಮಿಷಕ್ಕಾಗಿ ಕಾದು ಕೂತವರು ಅದಕ್ಕೆ ಮುಂಚಿನ ಇಪ್ಪತ್ತನ್ನು ಕಳೆದುಕೊಳ್ಳುತ್ತಾರೆ. ಸೂರ್ಯ ದಿಗಂತದ ಆರು ಡಿಗ್ರಿ ಕೆಳಗಿರುವಲ್ಲಿಂದ ಮೇಲೆ ಬರುವವರೆಗಿನ ನಸುಬೆಳಕು ನಮ್ಮಲ್ಲಿ ಸುಮಾರು 22 ನಿಮಿಷ ಇರುತ್ತದೆ. ಇಂಗ್ಲೆಂಡಿನಲ್ಲಿ ಅದು 35 ನಿಮಿಷ, ನಡುಬೇಸಿಗೆಯಲ್ಲೂ ನಡುಚಳಿಗಾಲದಲ್ಲೂ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಸೂರ್ಯ ಓರೆಯಾಗಿ ಏರುತ್ತಾನೆ, ನಮ್ಮಲ್ಲಿ ಹೆಚ್ಚುಕಡಿಮೆ ನೆಟ್ಟಗೆ. ಆ ದೇಶಗಳವರು ಬರೆದ ಕೈಪಿಡಿಗಳನ್ನು ಓದಿಕೊಂಡು ನಿಧಾನವಾಗಿ ಜಾಗ ಹುಡುಕುತ್ತಾ ಹೊರಟರೆ ಇಲ್ಲಿ ಹೊತ್ತು ಮೀರಿಹೋಗುತ್ತದೆ. ಆ ಅವಧಿಯಲ್ಲಿ ಬೆಳಕು ಸುಮಾರು ಮೂರು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಹಿಂದಿನ ಚಿತ್ರಕ್ಕೆ ಹೊಂದಿಸಿದ ಎಕ್ಸ್‌ಪೋಷರ್ ಮುಂದಿನದಕ್ಕೆ ಹೊಂದುವುದಿಲ್ಲ. ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಆ ನೀಲಿಯನ್ನೂ ನೇರಳೆಯನ್ನೂ ದೋಷವೆಂದು ಎಣಿಸಿ ತೊಳೆದುಬಿಡುತ್ತದೆ, ಹಗಲಿನ ಬೆಳಕಿಗೆ ಹೊಂದಿಸಿಟ್ಟರೆ ಉಳಿಯುತ್ತದೆ. ಸೂರ್ಯ ಬಂದ ಮೇಲಿನ ತೊಂದರೆ ಬೇರೆ: ಆ ಬಿಂಬದ ಪ್ರಖರತೆ ಯಾವ ಸೆನ್ಸರಿಗೂ ಎಟಕುವಂಥದ್ದಲ್ಲ. ಕ್ಲೋದ್ ಮೊನೆ 1872ರಲ್ಲಿ ಲ ಹಾವ್ರ್ ಬಂದರಿನ ಸೂರ್ಯೋದಯವನ್ನು ಬಣ್ಣದಲ್ಲಿ ಬರೆದಾಗ ಈ ಸಮಸ್ಯೆಯನ್ನು ಜಾಣತನದಿಂದ ದಾಟಿದ. ಅವನ ಕೆಂಪು ಸೂರ್ಯ ಸುತ್ತಲಿನ ಬೂದು ಆಕಾಶದಷ್ಟೇ ಬೆಳಕಿನದು. ಆ ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸಿದರೆ ಸೂರ್ಯ ಬಹುಮಟ್ಟಿಗೆ ಮಾಯವಾಗುತ್ತಾನೆ. ಕ್ಯಾಮೆರಾಕ್ಕೆ ಆ ಸ್ವಾತಂತ್ರ್ಯವಿಲ್ಲ, ಆದರೆ ಡಿಸೆಂಬರ್ ಜನವರಿಯ ಕೆರೆಗೆ ಇದೆ. ಹಗಲಿನ ಶಾಖವನ್ನು ಇನ್ನೂ ಹಿಡಿದಿಟ್ಟ ನೀರಿನ ಮೇಲೆ ಕೊರೆಯುವ ಗಾಳಿ ಸರಿದಾಗ ಆವಿ ಅಲ್ಲೇ ಹನಿಗಟ್ಟಿ ಮಂಜಾಗಿ ತೇಲುತ್ತದೆ. ಆ ಪರದೆಯ ಹಿಂದೆ ಬಂದ ಸೂರ್ಯ ಬಿಳಿ ಚುಕ್ಕೆಯಾಗದೆ ಕೆಂಪು ಬಿಲ್ಲೆಯಾಗಿಯೇ ಚಿತ್ರದಲ್ಲಿ ಉಳಿಯುತ್ತಾನೆ.

ಇಷ್ಟೆಲ್ಲ ಕಷ್ಟ ಏಕೆ, ಸೂರ್ಯಾಸ್ತವನ್ನೇ ತೆಗೆದು ಸೂರ್ಯೋದಯವೆಂದರೆ ಯಾರಿಗೆ ಗೊತ್ತಾಗುತ್ತದೆ ಎಂದು ಕೇಳುವವರಿದ್ದಾರೆ. ಕಡಲಿನ ಮಟ್ಟಿಗೆ ಅವರ ಮಾತು ನಿಜ, ಅಲ್ಲಿ ಬಹುಪಾಲು ಗೊತ್ತಾಗುವುದಿಲ್ಲ. ಕೆರೆಯಲ್ಲಿ ಗೊತ್ತಾಗುತ್ತದೆ. ದಿನವಿಡೀ ಕಾದ ನೆಲದ ಗಾಳಿ ಸಂಜೆ ಆರಕ್ಕೂ ಅಡಗಿರುವುದಿಲ್ಲ, ಮಂಜಿನ ಮಾತಂತೂ ಇಲ್ಲವೇ ಇಲ್ಲ. ಕರಾವಳಿಯವರಿಗೂ ಇದರಿಂದ ನಿರಾಶೆ ಬೇಕಿಲ್ಲ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಎಲ್ಲರ ಕ್ಯಾಮೆರಾ ಸಂಜೆ ಪಶ್ಚಿಮಕ್ಕೆ ತಿರುಗಿರುತ್ತದೆ. ಬೆಳಿಗ್ಗೆ ರಸ್ತೆ ದಾಟಿ ಪೂರ್ವಕ್ಕೆ ತಿರುಗಿದರೆ ಹೊಳೆಯ ಆಚೆ ಘಟ್ಟದ ಸಾಲು. ಸೂರ್ಯ ಬೆಟ್ಟ ದಾಟಿ ಬರುವುದು ತಡವಾಗುತ್ತದೆ, ಅಷ್ಟರಮಟ್ಟಿಗೆ ಬಿಂಬವಿಲ್ಲದ ಬಣ್ಣದ ಹೊತ್ತು ಹೆಚ್ಚು ಸಿಗುತ್ತದೆ. ಕೋಡಿ ಬೆಂಗ್ರೆಯ ಹೊಳೆಬದಿಗೂ ಇದೇ ಲೆಕ್ಕ.

ಹೆಚ್ಚು ಗಟ್ಟಿಯಾದ ಆಕ್ಷೇಪ ಬೇರೆಯಿದೆ. ನಮ್ಮ ಕೆರೆಗಳಲ್ಲಿ ತೆಗೆಯುವಂಥದ್ದು ಏನು ಉಳಿದಿದೆ, ಜೊಂಡು, ಪ್ಲಾಸ್ಟಿಕ್ಕು, ಚರಂಡಿ ನೀರು ತಾನೆ? 2017ರಲ್ಲೂ 2018ರಲ್ಲೂ ಬೆಂಕಿ ಹೊತ್ತಿಕೊಂಡ ಬೆಂಗಳೂರಿನ ಬೆಳ್ಳಂದೂರು ಕೆರೆಯ ಮೇಲೂ ಸೂರ್ಯ ಚಂದವಾಗಿಯೇ ಹುಟ್ಟುತ್ತಾನೆ. ಆ ಚಂದವನ್ನು ಹಂಚುವುದು ಕೊಳಕಿಗೆ ಮುಸುಕು ಹಾಕಿದಂತಲ್ಲವೆ? ಮುಸುಕು ಹಾಕಿದರೆ ಹೌದು. ಕಸ ಕಾಣದ ಕೋನವನ್ನಷ್ಟೇ ಹುಡುಕುವುದು, ವಿದ್ಯುತ್ ತಂತಿಯನ್ನೂ ದಡದ ಮಣ್ಣಿನ ರಾಶಿಯನ್ನೂ ಅಳಿಸುವುದು ನಮ್ಮ ಹವ್ಯಾಸಿ ವಲಯದ ಹಳೆಯ ಚಾಳಿ. ಅದನ್ನು ಬಿಟ್ಟರೆ ಕೆರೆಯ ಚಿತ್ರಕ್ಕೆ ಧನುಷ್ಕೋಟಿಯ ಚಿತ್ರಕ್ಕಿಲ್ಲದ ಬೆಲೆ ಬರುತ್ತದೆ, ಏಕೆಂದರೆ ಹತ್ತಿರದ ಕೆರೆಗೆ ಮತ್ತೆ ಮತ್ತೆ ಹೋಗಬಹುದು. ನಮ್ಮ ಅಕ್ಷಾಂಶದಲ್ಲಿ ಜೂನ್‌ನಿಂದ ಡಿಸೆಂಬರ್‌ಗೆ ಸೂರ್ಯ ಹುಟ್ಟುವ ಜಾಗ ಸುಮಾರು 48 ಡಿಗ್ರಿ ದಕ್ಷಿಣಕ್ಕೆ ಸರಿಯುತ್ತದೆ. ಪೂರ್ವಕ್ಕೆ ಇಳಿಜಾರಾದ ನೆಲದಲ್ಲಿ ಕಟ್ಟಿದ ಕೆರೆಯಾದರೆ ಏರಿಯೂ ಪೂರ್ವದಲ್ಲೇ ಇರುತ್ತದೆ. ಹಿಂದಿನ ಅಂಗಳದ ಕಡೆ ನಿಂತವರಿಗೆ ಮಳೆಗಾಲದ ಆರಂಭದಲ್ಲಿ ಏರಿಯ ಎಡತುದಿಯ ಮರಗಳ ಹಿಂದೆ ಬಂದ ಸೂರ್ಯ, ಸಂಕ್ರಾಂತಿಯ ಹೊತ್ತಿಗೆ ತೂಬಿನ ಜೋಡಿ ಕಲ್ಲುಗಂಬ ದಾಟಿ ಕೋಡಿಯ ಕಡೆಗೆ ಹೋಗಿರಬಹುದು. ಈ ನಡುವೆ ನೀರು ಏರುತ್ತದೆ, ಇಳಿಯುತ್ತದೆ, ಜೊಂಡು ಹಬ್ಬುತ್ತದೆ, ಒಮ್ಮೊಮ್ಮೆ ಜೆಸಿಬಿ ಬಂದು ಹೂಳೆತ್ತುತ್ತದೆ. ಒಂದೇ ಜಾಗದಿಂದ ವರ್ಷಗಟ್ಟಲೆ ತೆಗೆದ ಇಂಥ ಸರಣಿಯನ್ನು, ಒತ್ತುವರಿಯ ಮಾತು ಬಂದ ದಿನ, ಊರಿನವರು ದಾಖಲೆಯಾಗಿ ಮುಂದಿಡಬಹುದು. ಸವಕಲು ವಿಷಯ ಎಂಬ ದೂರಿಗೂ ಇದೇ ಉತ್ತರ. ಸವೆದದ್ದು ಒಮ್ಮೆ ಹೋಗಿ ಒಂದು ಕ್ಲಿಕ್ ಮಾಡಿ ಬರುವ ರೂಢಿ.

ಹಕ್ಕಿಗಳ ವಿಷಯದಲ್ಲಿ ಮಾತ್ರ ನನ್ನಲ್ಲಿ ಸಡಿಲಿಕೆಯಿಲ್ಲ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಮಂಜು, ಹಕ್ಕಿ, ತಡವಾದ ಸೂರ್ಯೋದಯ ಮೂರೂ ಒಟ್ಟಿಗೆ ಸಿಗುವ ಕಾಲ ಅದು, ಕ್ಯಾಮೆರಾಗಳೂ ಆಗಲೇ ಹೆಚ್ಚು. ಹಿಂಡು ಹಾರಿದರೆ ಚಿತ್ರ ಚೆನ್ನ ಎಂದು ದಡದಲ್ಲಿ ಕೈ ತಟ್ಟುವವರನ್ನೂ ಡ್ರೋನ್ ಬಿಡುವವರನ್ನೂ ಅಲ್ಲಿಂದ ಎಬ್ಬಿಸಿ ಕಳಿಸುವುದೇ ಸರಿ. ಇನ್ನು ಉಳಿದದ್ದು ಬೇಗ ಏಳಲಾಗದು ಎಂಬ ನೆವ. ವರ್ಷದಲ್ಲಿ ಸೂರ್ಯ ಅತಿ ತಡವಾಗಿ ಹುಟ್ಟುವುದು ಡಿಸೆಂಬರ್ ಸಂಕ್ರಮಣದಂದಲ್ಲ, ಜನವರಿ ಕೊನೆಯ ವಾರದ ಸುಮಾರಿಗೆ. ಬೆಂಗಳೂರಿನಲ್ಲಿ ಆಗ 6.46 ಆಗಿರುತ್ತದೆ. ಆರು ಗಂಟೆಗೆ ಕೆರೆಯ ದಡದಲ್ಲಿದ್ದರೆ ಟ್ರೈಪಾಡು ಬಿಡಿಸಿ, ಮಟ್ಟ ನೋಡಿ, ಫ್ಲಾಸ್ಕಿನ ಕಾಫಿ ಮುಗಿಸುವಷ್ಟು ಬಿಡುವೂ ಸಿಗುತ್ತದೆ.