ಪಂಚಮಿಯ ಹಾಲು, ಹಾವಿನ ಹಸಿವು

ಶ್ರಾವಣದ ಪಂಚಮಿಗೆ ಕಲಬುರಗಿಯ ನಾಗರಕಲ್ಲುಗಳಿಗೂ ಕಮಲಾಪುರದ ಹೊಲದಂಚಿನ ಹುತ್ತಗಳಿಗೂ ತಾಯಂದಿರು ಹಾಲೆರೆಯುವುದನ್ನು ನಾವು ಕಾಣುತ್ತಲೇ ಬಂದಿದ್ದೇವೆ. ಆದರೆ ಶರಣಬಂಧುಗಳೆ, ಹಾಲು ಹಾವಿನ ಆಹಾರವೇ ಅಲ್ಲ. ಇಲಿ, ಕಪ್ಪೆಗಳೇ ನಾಗರದ ಊಟ. ಅವನ್ನು ಅಗಿಯದೆ, ಬಹುಮಟ್ಟಿಗೆ ತಲೆಯ ಕಡೆಯಿಂದ, ಇಡಿಯಾಗಿ ನುಂಗುತ್ತದೆ. ಒಮ್ಮೆ ಉಂಡರೆ ದಿನಗಟ್ಟಲೆ ಉಪವಾಸ. ಪೊರೆ ಬಿಡುವ ಮುನ್ನ ಕಣ್ಣು ಮಸುಕಾದಾಗಲಂತೂ ಇಲಿ ಎದುರಿಗೆ ಸುಳಿದರೂ ಸಾಮಾನ್ಯವಾಗಿ ಮುಟ್ಟದು.

ಹಾಗಾದರೆ ಹಾವಾಡಿಗರ ಬುಟ್ಟಿಯ ನಾಗರ ಹಾಲು ಕುಡಿಯುತ್ತಿದ್ದುದು ಹೇಗೆ? ಹಬ್ಬಕ್ಕೆ ಮೊದಲು ನೀರು ಕೊಡದೆ ಇಟ್ಟ ಪ್ರಾಣಿ ಎದುರಿಗೆ ಬಂದ ದ್ರವವನ್ನು ಹೀರುತ್ತದೆ. ಅದು ಪ್ರಸಾದಸ್ವೀಕಾರವಲ್ಲ, ದಾಹ. ಆ ಹಾಲು ಅರಗದೆ ಸತ್ತ ಹಾವುಗಳೆಷ್ಟೋ! ನಾಗರವನ್ನು ಹಿಡಿದಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೂ ಹೌದು.

ಶಿಲೆಗೆ ಉಪಚಾರ, ಜೀವಕ್ಕೆ ಪ್ರಹಾರವೆಂಬ ವೈಪರೀತ್ಯವನ್ನು ಬಸವಣ್ಣನವರು 12ನೆಯ ಶತಮಾನದಲ್ಲಿಯೇ ಎತ್ತಿ ತೋರಿದರು. ಈಗ ಈ ದಿನವನ್ನು ಬಸವ ಪಂಚಮಿಯೆಂದು ಆಚರಿಸಿ, ಹಾಲನ್ನು ಮಕ್ಕಳಿಗೆ ಕುಡಿಸುವ ಮನೆಗಳೂ ಮಠಗಳೂ ನಮ್ಮಲ್ಲಿವೆ.