ಬ್ಯಾಟರಿ ತುಂಬಿದ ಮೇಲಿನ ಬಿಸಿಲು ಬಚ್ಚಲಿಗೆ

ಕಾಸರಗೋಡು: ಬೆಳಿಗ್ಗೆ ಒಂಬತ್ತಕ್ಕೆ ಮಾಡಿನ ಮೇಲೆ ಬಿಸಿಲು ಬಿತ್ತು. ಹನ್ನೊಂದೂವರೆಗೆಲ್ಲ ಬ್ಯಾಟರಿ ಫುಲ್. ಮತ್ತೆ ಸಂಜೆ ನಾಲ್ಕರ ತನಕದ ಬಿಸಿಲು ಯಾರಿಗೆ?

ಎಣ್ಮಕಜೆ, ಪೈವಳಿಕೆ, ಬದಿಯಡ್ಕ, ದೇಲಂಪಾಡಿ ಕಡೆಯ ತೋಟದ ಮನೆಗಳಲ್ಲಿ ಬ್ಯಾಟರಿ ಸಹಿತದ ಸಣ್ಣ ಸೋಲಾರ್ ಹೊಸತೇನಲ್ಲ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿದರೆ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದ ಊರುಗಳಿವು. ಲೈಟು, ಫ್ಯಾನು, ಟಿ.ವಿ., ಮೊಬೈಲು ನಡೆಯಲಿ ಎಂದು ಒಂದು ಕಿಲೋವಾಟಿನ ಪ್ಯಾನೆಲ್, ಎರಡು ಬ್ಯಾಟರಿ ಹಾಕಿಸಿಕೊಂಡವರಿದ್ದಾರೆ. ಮಳೆಗಾಲಕ್ಕೆಂದು ಲೆಕ್ಕ ಹಾಕಿ ಹಾಕಿದ ಈ ಸೋಲಾರ್ ಡಿಸೆಂಬರಿನಿಂದ ಮೇ ತನಕ ಅರ್ಧ ದಿನ ಕೆಲಸವಿಲ್ಲದೆ ಕೂರುತ್ತದೆ. ಬ್ಯಾಟರಿ ತುಂಬಿದೊಡನೆ ಚಾರ್ಜ್ ಕಂಟ್ರೋಲರ್ ಪ್ಯಾನೆಲಿನ ಕರೆಂಟನ್ನು ತಡೆಯುತ್ತದೆ. ಇದರಿಂದ ಪ್ಯಾನೆಲ್ ಹಾಳಾಗುತ್ತದೆ ಎಂಬ ಹೆದರಿಕೆ ಕೆಲವರಿಗಿದೆ, ಹಾಗೇನೂ ಇಲ್ಲ. ಹಾಳಾಗುವುದು ಬಿಸಿಲು ಮಾತ್ರ.

ತಮಾಷೆಯೆಂದರೆ ಅದೇ ಮನೆಯ ಬಚ್ಚಲಲ್ಲಿ 2,000 ವಾಟಿನ ಗೀಸರ್ ಮೀಟರ್ ಓಡಿಸುತ್ತಿರುತ್ತದೆ.

ಹಂಡೆಗೆ ಬೆಂಕಿ ಹಾಕುವವರು ಯಾರು?

ಗಡಿನಾಡಿನ ಹಳೆ ಮನೆಗಳಿಗೆ ಬಿಸಿನೀರು ಒಂದು ಸಮಸ್ಯೆಯೇ ಆಗಿರಲಿಲ್ಲ. ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ, ಮೂಲೆಯಲ್ಲಿ ಅಡಿಕೆ ಸಿಪ್ಪೆ, ಒಣ ಮಡಲು, ಗೆರಟೆ. ಹವ್ಯಕರ ಮನೆಗಳಲ್ಲಿ ಆ ಜಾಗಕ್ಕೆ ಅಬ್ಬಿಕೊಟ್ಟಗೆ ಎಂದೇ ಹೆಸರು. ಸೌದೆಗೆ ದುಡ್ಡು ಕೊಡಬೇಕಿರಲಿಲ್ಲ, ತೋಟವೇ ಕೊಡುತ್ತಿತ್ತು. ತೋಟ ಈಗಲೂ ಕೊಡುತ್ತದೆ. ಆದರೆ ಮಡಲು ಎಳೆದು ತಂದು ಕಡಿದು ರಾಶಿ ಹಾಕುವವರಿಲ್ಲ. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ. ಮನೆಯಲ್ಲಿ ಎಪ್ಪತ್ತು ದಾಟಿದ ಅಪ್ಪ, ಅಮ್ಮ. ಬಗ್ಗಿ ಊದುವುದಕ್ಕೆ ಸೊಂಟ ಬಿಡುವುದಿಲ್ಲ, ಸಿಪ್ಪೆಯ ಹೊಗೆ ಉಬ್ಬಸದವರಿಗೆ ಆಗಿಬರುವುದಿಲ್ಲ. ಹಾಗಾಗಿ ಗೀಸರ್ ಬಂತು, ಹಿಂದೆಯೇ ಬಿಲ್ಲೂ ಬಂತು.

2,000 ವಾಟಿನ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಎರಡು ತಿಂಗಳಿಗೊಮ್ಮೆ ಬರುವ ಕೆ.ಎಸ್.ಇ.ಬಿ. ಬಿಲ್ಲಿನಲ್ಲಿ ಅದು 120. ಕೇರಳದಲ್ಲಿ ಗೃಹಬಳಕೆಗೆ ತಿಂಗಳಿಗೆ 250 ಯೂನಿಟ್ ತನಕ ಹಂತ ಹಂತದ ದರ. ಅದನ್ನು ದಾಟಿದರೆ ಹಂತದ ಲೆಕ್ಕ ಹೋಗಿ ಮೊದಲ ಯೂನಿಟಿನಿಂದಲೇ ಒಂದೇ ಮೇಲಿನ ದರ ಬೀಳುತ್ತದೆ. ಫ್ರಿಜ್, ಮಿಕ್ಸಿ, ವಾಷಿಂಗ್ ಮೆಷಿನ್ ಎಲ್ಲ ಇರುವ ಮನೆಯನ್ನು ಆ ಗೆರೆ ದಾಟಿಸಲು ಗೀಸರ್ ಒಂದೇ ಸಾಕು.

ಲೆಕ್ಕ ಏನು ಹೇಳುತ್ತದೆ?

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 1.16 ವಾಟ್‌ಅವರ್ ಬೇಕು. ಕರಾವಳಿಯ ಬಾವಿ ನೀರು 27 ಡಿಗ್ರಿ ಎಂದಿಟ್ಟುಕೊಂಡರೆ, 50 ಲೀಟರನ್ನು 60 ಡಿಗ್ರಿಗೆ ಏರಿಸಲು ಹತ್ತಿರ ಹತ್ತಿರ ಎರಡು ಯೂನಿಟ್. ಆ 50 ಲೀಟರಿಗೆ ತಣ್ಣೀರು ಬೆರೆಸಿ 40 ಡಿಗ್ರಿಗೆ ತಂದರೆ 125 ಲೀಟರ್ ಆಗುತ್ತದೆ. ನಾಲ್ಕು ಮಂದಿಗೆ ತಲಾ ಎರಡು ಬಕೆಟ್‌ನಂತೆ ಧಾರಾಳ.

ಒಂದು ಕಿಲೋವಾಟಿನ ಪ್ಯಾನೆಲ್ ಒಳ್ಳೆ ಬಿಸಿಲಿನ ದಿನ ನಾಲ್ಕು ಯೂನಿಟ್ ಕೊಡುತ್ತದೆ. ಲೈಟು, ಫ್ಯಾನು, ಟಿ.ವಿ.ಗೆ ಎರಡು ಯೂನಿಟ್ ಹೋದರೆ ಉಳಿಯುವುದು ಎರಡು. ಅಂದರೆ ಸುಮ್ಮನೆ ಹೋಗುವ ಕರೆಂಟಿಗೂ ಮನೆಯ ಸ್ನಾನಕ್ಕೂ ಸರಿಯಾಗಿ ತಾಳೆಯಾಗುತ್ತದೆ. ತೋಟದ ನಡುವಿನ ಮನೆಯಾದರೆ ಈ ಲೆಕ್ಕ ಸ್ವಲ್ಪ ಇಳಿಸಿಕೊಳ್ಳಬೇಕು. ಅಡಿಕೆ, ತೆಂಗಿನ ನೆರಳು ತಪ್ಪಿ ಮಾಡಿಗೆ ನೇರ ಬಿಸಿಲು ಬೀಳುವುದೇ ಹತ್ತರಿಂದ ಮೂರರ ತನಕ. ಸಾಲಾಗಿ ಜೋಡಿಸಿದ ಪ್ಯಾನೆಲುಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ತಗ್ಗುತ್ತದೆ.

ದೊಡ್ಡ ಗೀಸರ್ ಆಗದು

ಇದ್ದ ಗೀಸರನ್ನೇ ಇನ್‌ವರ್ಟರಿಗೆ ಸಿಕ್ಕಿಸಿದರೆ ಆಯಿತಲ್ಲ ಎಂದು ಯಾರಿಗಾದರೂ ತೋಚುತ್ತದೆ. ಆಗುವುದಿಲ್ಲ. ಒಂದು ಕೆ.ವಿ.ಎ. ಇನ್‌ವರ್ಟರ್ 2,000 ವಾಟ್ ಹೊರಲಾರದು, ಕೂಡಲೇ ಟ್ರಿಪ್ ಆಗುತ್ತದೆ. ಇನ್‌ವರ್ಟರ್ ದೊಡ್ಡದಿದ್ದು ಹೊತ್ತರೂ ಪ್ಯಾನೆಲ್ ಕೊಡದ ಪಾಲನ್ನು ಬ್ಯಾಟರಿಯಿಂದ ಎಳೆಯುತ್ತದೆ. ರಾತ್ರಿಗೆಂದು ಇಟ್ಟದ್ದು ಮಧ್ಯಾಹ್ನ ನೀರು ಕಾಯಿಸಲು ಖರ್ಚಾಗುತ್ತದೆ.

ಇಲ್ಲಿ ಬೇಕಾದದ್ದು ಅವಸರವಿಲ್ಲದ ಗೀಸರ್. 500 ವಾಟಿನ ಕಾಯಿಲ್ ನಾಲ್ಕು ಗಂಟೆ ಉರಿದರೆ ಅದೇ ಎರಡು ಯೂನಿಟ್. ಪ್ಯಾನೆಲಿನಿಂದ ನಡುಮಧ್ಯಾಹ್ನ 700–800 ವಾಟ್ ಬರುತ್ತಿದ್ದರೆ ಮನೆಯ ಫ್ಯಾನೂ ತಿರುಗುತ್ತದೆ, ನೀರೂ ಕಾಯುತ್ತದೆ, ಬ್ಯಾಟರಿ ಅಲುಗುವುದಿಲ್ಲ. ಸಣ್ಣ ಕಾಯಿಲ್ ಸಿಗದಿದ್ದರೆ ವಯರ್‌ಮನ್‌ಗಳಿಗೆ ಗೊತ್ತಿರುವ ಇನ್ನೊಂದು ದಾರಿಯಿದೆ. ಒಂದೇ ತರದ ಎರಡು ಕಾಯಿಲ್‌ಗಳನ್ನು ಸೀರೀಸ್‌ನಲ್ಲಿ ಜೋಡಿಸಿದರೆ ಒಂದೊಂದಕ್ಕೂ ಅರ್ಧ ವೋಲ್ಟೇಜ್ ಸಿಗುತ್ತದೆ. ಅರ್ಧ ವೋಲ್ಟೇಜಿಗೆ ವಾಟ್ ಕಾಲು ಭಾಗಕ್ಕೆ ಇಳಿಯುತ್ತದೆ. 1,000 ವಾಟಿನ ಎರಡು ಕಾಯಿಲ್ ಸೇರಿ ಆಗ 500 ವಾಟ್ ಮಾತ್ರ.

ಎಲ್ಲಕ್ಕಿಂತ ಮುಖ್ಯ ಯಾವಾಗ ಆನ್ ಆಗಬೇಕು, ಯಾವಾಗ ಆಫ್ ಆಗಬೇಕು ಎಂಬುದು. 24 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ತುಂಬುವ ಹೊತ್ತಿಗೆ 28.8 ವೋಲ್ಟಿನ ಆಸುಪಾಸು ತಲುಪಿ, ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಅದಾದ ಮೇಲೆ ಗೀಸರಿನ ಸರದಿ. ಮೋಡ ಮುಚ್ಚಿ ವೋಲ್ಟೇಜ್ 26ಕ್ಕೆ ಬಂದರೆ ತನ್ನಿಂತಾನೇ ಆಫ್ ಆಗಬೇಕು. ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇ ಇದಕ್ಕೆಂದೇ ಸಿಗುತ್ತದೆ. ಕೆಲವು ಇನ್‌ವರ್ಟರುಗಳಲ್ಲಿ ಈ ಸೌಕರ್ಯ ಒಳಗೇ ಇದೆ. ಇದನ್ನು ಬಿಟ್ಟು ಕೈಯಲ್ಲಿ ಸ್ವಿಚ್ ಹಾಕುವವರು ಬ್ಯಾಟರಿಯನ್ನು ಅರ್ಧ ಹೊಟ್ಟೆಯಲ್ಲೇ ಇಡುತ್ತಾರೆ. ದಿನಾ ಪೂರ್ತಿ ತುಂಬದ ಲೆಡ್ ಆಸಿಡ್ ಬ್ಯಾಟರಿಯ ಪ್ಲೇಟುಗಳಿಗೆ ಸಲ್ಫೇಟ್ ಕಟ್ಟಿ, ಬಾಳಬೇಕಾದ ವರ್ಷಗಳು ಕಡಿಮೆಯಾಗುತ್ತವೆ. ಬಿಲ್ಲಿನಲ್ಲಿ ಉಳಿಸಿದ್ದು ಬ್ಯಾಟರಿ ಅಂಗಡಿಗೆ ಹೋಗುತ್ತದೆ.

ಪ್ಯಾನೆಲಿನ ಡಿ.ಸಿ.ಯನ್ನು ನೇರವಾಗಿ ಗೀಸರಿಗೆ ಕೊಡುವ ಸಾಹಸ ಬೇಡ. ಗೀಸರಿನ ಥರ್ಮೋಸ್ಟಾಟ್ ಎ.ಸಿ.ಗೆಂದು ಮಾಡಿದ್ದು. ಎ.ಸಿ. ಕ್ಷಣಕ್ಷಣಕ್ಕೂ ಸೊನ್ನೆಗೆ ಬಂದು ಹೋಗುವುದರಿಂದ ಸ್ವಿಚ್ ತೆರೆದಾಗಿನ ಕಿಡಿ ಆರುತ್ತದೆ. ಡಿ.ಸಿ.ಯ ಕಿಡಿ ಆರದೆ ಉರಿಯುತ್ತಲೇ ಇರಬಹುದು. ಆಗ ಥರ್ಮೋಸ್ಟಾಟಿನ ತುದಿಗಳು ಬೆಸೆದುಕೊಂಡು ನೀರು ಕುದಿಯುತ್ತಲೇ ಹೋಗುತ್ತದೆ. ತಾಮ್ರದ ಹಂಡೆಗೆ ಇಮ್ಮರ್ಶನ್ ರಾಡ್ ಇಳಿಬಿಡುವುದಂತೂ ಜೀವಕ್ಕೇ ಅಪಾಯ. ಗೀಸರಿಗೆ ಅರ್ತಿಂಗ್ ಇರಲೇಬೇಕು, ಪ್ರೆಶರ್ ವಾಲ್ವ್ ಕೆಲಸ ಮಾಡುತ್ತಿರಬೇಕು.

ಇನ್ನೊಂದು ಸೂಕ್ಷ್ಮ ಇದೆ. ಮನೆಗೆ ಇ.ಎಲ್.ಸಿ.ಬಿ. ಉಂಟು, ಹೆದರಿಕೆ ಇಲ್ಲ ಎಂದುಕೊಳ್ಳುವಂತಿಲ್ಲ. ಬ್ಯಾಟರಿಯಿಂದ ಓಡುವಾಗ ಹಲವು ಸಣ್ಣ ಇನ್‌ವರ್ಟರುಗಳ ನ್ಯೂಟ್ರಲ್ ಭೂಮಿಗೆ ಜೋಡಣೆಯಾಗಿರುವುದಿಲ್ಲ, ಆಗ ಇ.ಎಲ್.ಸಿ.ಬಿ. ಬೀಳಬೇಕಾದಲ್ಲಿ ಬೀಳದಿರಬಹುದು. ಲೈಸೆನ್ಸ್ ಇರುವ ವಯರ್‌ಮನ್‌ನಿಂದ ಇದನ್ನು ನೋಡಿಸಿದ ಮೇಲೆಯೇ ಮುಂದಿನ ಕೆಲಸ.

ಮುರಕಲ್ಲು ನೆಲದ ಬಾವಿ, ಸುರಂಗಗಳ ನೀರು ಮೆದು, ಸಾಧಾರಣವಾಗಿ ಸ್ವಲ್ಪ ಆಮ್ಲೀಯ. ಕಾಯಿಲಿಗೆ ಸುಣ್ಣ ಕಟ್ಟುವ ಉಪದ್ರ ಇಲ್ಲಿ ಕಡಿಮೆ. ಬದಲಿಗೆ ಟ್ಯಾಂಕನ್ನೇ ತಿನ್ನುತ್ತದೆ. ಗೀಸರಿನೊಳಗಿನ ಮೆಗ್ನೀಷಿಯಂ ಆನೋಡ್ ಸರಳನ್ನು ಆಗಾಗ ತೆಗೆದು ನೋಡಿ ಬದಲಿಸದಿದ್ದರೆ ಟ್ಯಾಂಕ್ ತೂತಾದ ಮೇಲೆಯೇ ಗೊತ್ತಾಗುವುದು.

ಗ್ರಿಡ್‌ಗೆ ಕೊಡುವವರಿಗೆ ಲಾಭವಿಲ್ಲ

2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂ. ಸಹಾಯಧನ. ಅದು ಗ್ರಿಡ್‌ಗೆ ಜೋಡಿಸಿದ ಸೋಲಾರಿಗೆ. ನೆಟ್ ಮೀಟರ್ ಇರುವ ಇಂತಹ ಮನೆಗಳಲ್ಲಿ ಹಗಲು ಹೆಚ್ಚಾದದ್ದು ಲೈನಿಗೆ ಹೋಗಿ, ಬಳಸಿದ ಯೂನಿಟಿನ ಲೆಕ್ಕದಲ್ಲಿ ಕಳೆಯಲ್ಪಡುತ್ತದೆ. ಅವರಿಗೆ ಗ್ರಿಡ್ಡೇ ಹಂಡೆ. ಹೆಚ್ಚಿನ ಕರೆಂಟನ್ನು ನೀರಿಗೆ ತಿರುಗಿಸುವ ಯಂತ್ರಕ್ಕೆ ದುಡ್ಡು ಹಾಕುವುದು ದಂಡ. ವರ್ಷದ ಕೊನೆಗೂ ಯೂನಿಟ್ ಉಳಿಯುವ ಮನೆಗಳ ವಿಷಯ ಬೇರೆ. ಉಳಿದದ್ದಕ್ಕೆ ಸಿಗುವ ದರ, ಕರೆಂಟು ಕೊಳ್ಳುವ ಮೇಲಿನ ಹಂತಗಳ ದರಕ್ಕಿಂತ ಎಷ್ಟೋ ಕಡಿಮೆ. ಅಂಥವರು ಗೀಸರಿಗೆ ಟೈಮರ್ ಹಾಕಿ ಮಧ್ಯಾಹ್ನವೇ ಓಡಿಸಬಹುದು.

ಎಲ್ಲವೂ ನಿಯಮದ ಮೇಲೆ ನಿಂತಿದೆ ಎನ್ನಲು ಬ್ರಿಟನ್ನಿನ ಕತೆ ಸಾಕು. ಅಲ್ಲಿ 2010ರ ಏಪ್ರಿಲಿನಲ್ಲಿ ಬಂದ ಯೋಜನೆಯಲ್ಲಿ ಸಣ್ಣ ಸೋಲಾರಿನ ಉತ್ಪಾದನೆಯ ಅರ್ಧ ಭಾಗ ಲೈನಿಗೆ ಹೋಯಿತೆಂದು ಅಂದಾಜಿನಲ್ಲೇ ದುಡ್ಡು ಕೊಡುತ್ತಿದ್ದರು. ಹೋಗಲಿ ಬಿಡಲಿ, ದುಡ್ಡು ಬರುತ್ತಿತ್ತು. ಜನ ಬಿಡುತ್ತಾರೆಯೇ? ಹೆಚ್ಚಾದದ್ದನ್ನು ಬಿಸಿನೀರಿನ ಟ್ಯಾಂಕಿಗೆ ತಿರುಗಿಸುವ ಯಂತ್ರಗಳು ಮನೆಮನೆ ಸೇರಿದವು. 2019ರ ಮಾರ್ಚ್ 31ಕ್ಕೆ ಹೊಸಬರಿಗೆ ಆ ಯೋಜನೆ ಮುಚ್ಚಿತು.

ಬಿಸಿನೀರಿಗೆಂದೇ ಹೊಸತಾಗಿ ಪ್ಯಾನೆಲ್ ಕೊಳ್ಳುವುದೂ ಜಾಣತನವಲ್ಲ. ನೀರು ಕಾಯಿಸುವ ಹಳೆ ಮಾದರಿಯ ಸೋಲಾರ್ ಹೀಟರ್ ಬಿದ್ದ ಬಿಸಿಲಿನ ಅರ್ಧದಷ್ಟನ್ನು ನೀರಿಗೆ ಕೊಡುತ್ತದೆ. ಕರೆಂಟಿನ ಪ್ಯಾನೆಲ್ ಹಿಡಿಯುವುದು ಐದನೇ ಒಂದು ಪಾಲು. ಆದರೆ ಬಚ್ಚಲು ಮನೆ ಅಂಗಳದಾಚೆ ಪ್ರತ್ಯೇಕವಾಗಿದ್ದರೆ ಮಾಡಿನಿಂದ ಅಲ್ಲಿಗೆ ಬಿಸಿನೀರಿನ ಪೈಪ್ ಎಳೆಯುವುದಕ್ಕಿಂತ ತಂತಿ ಎಳೆಯುವುದು ಸುಲಭ. ಮೊದಲೇ ಇದ್ದ ಪ್ಯಾನೆಲಿನಲ್ಲಿ ಹೆಚ್ಚಾಗಿ ಹೋಗುವುದನ್ನು ಹಿಡಿಯುವ ಮಟ್ಟಿಗೆ ಈ ಉಪಾಯಕ್ಕೆ ಬೆಲೆ.

ಜೂನ್ ಬಂದರೆ?

ಕಾಸರಗೋಡಿನಲ್ಲಿ ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರ್ ತನಕ. ಬಿಸಿನೀರು ನಿಜವಾಗಿ ಬೇಕೆನಿಸುವ ಆ ನಾಲ್ಕು ತಿಂಗಳಲ್ಲೇ ಹೆಚ್ಚುವರಿ ಎಂಬುದು ಇಲ್ಲ. ಕಿಲೋವಾಟಿಗೆ ಒಂದು ಯೂನಿಟ್ ಬಂದರೆ ಪುಣ್ಯ ಎನ್ನುವ ದಿನಗಳಿರುತ್ತವೆ. ರಿಲೇ ಸರಿಯಿದ್ದರೆ ಗೀಸರ್ ತಾನಾಗಿ ಸುಮ್ಮನಿರುತ್ತದೆ, ಬಂದ ಒಂದು ಯೂನಿಟ್ ಬ್ಯಾಟರಿಗೇ ಸೇರುತ್ತದೆ. ಆಗ ಮೀಟರಿನ ಕರೆಂಟು, ಇಲ್ಲವಾದರೆ ಹಂಡೆ.

ಹಾಗಾಗಿ ಹಂಡೆಯ ಒಲೆ ಒಡೆಯದಿರುವುದೇ ಒಳ್ಳೆಯದು. ಬೇಸಿಗೆಯಲ್ಲಿ ಉರಿಸದೆ ಉಳಿದ ಸಿಪ್ಪೆ, ಗೆರಟೆಯನ್ನು ಮೇ ಮುಗಿಯುವ ಮೊದಲು ಗೋಣಿಗೆ ತುಂಬಿಸಿ ಅಟ್ಟಕ್ಕೆ ಹಾಕಿಟ್ಟರೆ, ಆಟಿಯಲ್ಲಿ ಮೂರು ದಿನ ಕರೆಂಟು ಇಲ್ಲದಿದ್ದರೂ ಸ್ನಾನ ತಪ್ಪುವುದಿಲ್ಲ.